ಸ್ತೋತ್ರ ಬಾಯಿಗೆ ಬರುತ್ತೆ, ಮನಸ್ಸಿಗೆ ಇಳಿಯಲ್ಲ. ನೀವು ಹೇಗೆ ರೂಢಿಸಿಕೊಂಡಿರಿ?

ಕೇಳಿದವರು: ಮಲಗುವ ಮುಂಚೆ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳುವ ಅಭ್ಯಾಸ ಬೆಳೆಸಿಕೊಳ್ಳಬೇಕು ಅಂತ ಆಸೆ. ನಾಲ್ಕು ದಿನ ನಡೆಯುತ್ತೆ, ಆಮೇಲೆ ಬರೀ ಬಾಯಿಪಾಠ. ಬರೆದಿಟ್ಟರೆ ಒಳ್ಳೇದಾ? ಅನುಭವ ಇದ್ದವರು ಹೇಳಿ.

ನೋಟ್‌ಬುಕ್ ಸಿಸ್ಟರ್: ಬರೆಯಲೇಬೇಕು. ನಾನೂ ಮೊದಮೊದಲು ‘ಆರೋಗ್ಯ, ಮಕ್ಕಳು, ಊಟ’ ಅಂತಲೇ ಪುಟ ತುಂಬಿಸ್ತಿದ್ದೆ. ನಿನ್ನೆ ಬರೆದದ್ದನ್ನ ಇವತ್ತು ಬರೆಯಬಾರದು ಅಂತ ನೇಮ ಮಾಡಿಕೊಂಡ ಮೇಲೆ ದಿನವಿಡೀ ಕಣ್ಣು ಬಿಟ್ಟು ನೋಡುವ ಹಾಗಾಯ್ತು. ಬೈಬಲಿನ 136ನೇ ಕೀರ್ತನೆ ನೋಡಿ: 26 ವಚನಕ್ಕೂ ಪಲ್ಲವಿ ಒಂದೇ, ಆದರೆ ಸೂರ್ಯ, ಚಂದ್ರ, ಕೆಂಪು ಸಮುದ್ರ, ಅರಣ್ಯ ಅಂತ ಒಂದೊಂದನ್ನೂ ಹೆಸರಿಟ್ಟು ಹೇಳುತ್ತೆ. ನಮ್ಮ ಯಜಮಾನರ ಕೆಲಸ ಹೋದಾಗ ಬಾಡಿಗೆ ಬಾಕಿ, ಸಾಲದ ಕಂತು ಬಾಕಿ, ಬಂಧುಗಳು ಫೋನ್ ಎತ್ತುತ್ತಿರಲಿಲ್ಲ. ಆಗಿನ ಒಂದು ಪುಟದಲ್ಲಿ ಇಷ್ಟೇ ಇದೆ: ‘ಸಾಲ ಕೊಟ್ಟವರು ಇವತ್ತು ಬಾಗಿಲು ಬಡಿಯಲಿಲ್ಲ, ಸ್ತೋತ್ರ.’ ಪೆನ್ನು ಎಷ್ಟು ಒತ್ತಿದ್ದೆನೆಂದರೆ ಮುಂದಿನ ಹಾಳೆಯಲ್ಲೂ ಅಚ್ಚು ಬಿದ್ದಿದೆ. ಕಷ್ಟದಲ್ಲಿ ಬಿಡುವವರಿಗೆ ಇದು ಯಾವತ್ತೂ ರೂಢಿಯಾಗಲ್ಲ.

ಮಗನನ್ನು ಕಳಕೊಂಡವಳು: ಕೊನೆಯ ಸಾಲು ವಾಪಸ್ ತಗೊಳ್ಳಿ ಸಿಸ್ಟರ್. ಶವಪೆಟ್ಟಿಗೆ ಇನ್ನೂ ಮನೆಯಲ್ಲಿದ್ದಾಗಲೇ ಒಬ್ಬರು ಬಂದು, ‘ಯೋಬನ ಹಾಗೆ ಸ್ತೋತ್ರ ಹೇಳಮ್ಮ’ ಅಂದರು. ಮಕ್ಕಳು, ಆಸ್ತಿ ಎಲ್ಲಾ ಕಳಕೊಂಡ ಆ ಯೋಬ ಬೈಬಲಿನ ತನ್ನ ಪುಸ್ತಕದ ಮೊದಲನೇ ಅಧ್ಯಾಯದಲ್ಲಿ ದೇವರನ್ನ ಕೊಂಡಾಡಿದ, ನಿಜ. ಮೂರನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸಿದನಲ್ಲ, ಅದನ್ನ ಯಾರೂ ಓದಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತೆ, ಅದೂ ಪ್ರಾರ್ಥನೆಯೇ. ನಾನು ಪುಸ್ತಕ ಮುಚ್ಚಿಟ್ಟೆ. ಚರ್ಚಿಗೆ ಹೋಗುತ್ತಿದ್ದೆ, ಹಾಡಿಗೆ ತುಟಿ ಬಿಚ್ಚುತ್ತಿರಲಿಲ್ಲ. ಈಗ ದೇವರ ಮುಂದೆ ಮೊದಲು ಅಳುತ್ತೇನೆ. ಆಮೇಲೆ ಸ್ತೋತ್ರ ಬಂದರೆ ಬರುತ್ತೆ.

ನೋಟ್‌ಬುಕ್ ಸಿಸ್ಟರ್: ನಿಮ್ಮ ದುಃಖ ಅರ್ಥ ಆಗುತ್ತೆ. ಆದರೆ ಮನಸ್ಸು ಬಂದಾಗ ಮಾತ್ರ ಹೇಳ್ತೀನಿ ಅಂದರೆ ಅದು ಅಭ್ಯಾಸ ಹೇಗಾಗುತ್ತೆ?

ಮಗನನ್ನು ಕಳಕೊಂಡವಳು: ಅರ್ಥ ಆಗಿದ್ದರೆ ಈ ‘ಆದರೆ’ ಬರ್ತಿರಲಿಲ್ಲ.

ಪೂಜೆ ತಪ್ಪಿಸದವನು: ಯೇಸುಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ, ದಿನವನ್ನ ದೇವರ ಮುಂದೆ ತಿರುಗಿ ನೋಡುವ ಆತ್ಮಪರಿಶೀಲನೆ ಮಾಡುತ್ತೇನೆ. ಐದು ಹಂತದಲ್ಲಿ ಮೊದಲನೆಯದೇ ಪಡೆದ ಉಪಕಾರಕ್ಕೆ ವಂದನೆ. ಪಾಪದ ಲೆಕ್ಕ, ಕ್ಷಮೆ ಕೇಳುವುದು ಎಲ್ಲಾ ಆಮೇಲೆ. ರಾತ್ರಿ ಪಾಳಿಯಲ್ಲಿ ಎರಡನೇ ಹಂತಕ್ಕೇ ನಿದ್ದೆ ಎಳೆಯುತ್ತಿತ್ತು, ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡೆ. ಆಗ ಹಿಡಿತಕ್ಕೆ ಬಂತು.

ವಾಕ್ಯವೇ ಸಾಕು: ಬೈಬಲ್ ಕೈಯಲ್ಲಿರುವಾಗ ಸಂತರ ಹಂತಗಳು ಯಾಕೆ ಬ್ರದರ್? ಯೇಸುವಿನಿಂದ ಗುಣವಾದ ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಗಟ್ಟಿಯಾಗಿ ದೇವರನ್ನ ಕೊಂಡಾಡಿದ. ಸಭೆಯಲ್ಲಿ ಎದ್ದು ದೇವರು ನಿಮಗೆ ಮಾಡಿದ್ದನ್ನ ಸಾಕ್ಷಿಯಾಗಿ ಹೇಳಿ, ಮನಸ್ಸಿಗೆ ತಾನಾಗೇ ಇಳಿಯುತ್ತೆ. ನನಗೆ ಹಾಗೇ ಆಯ್ತು.

ಪೂಜೆ ತಪ್ಪಿಸದವನು: ದೇವಾಲಯದಲ್ಲಿ ನಿಂತು ‘ನಾನು ಬೇರೆಯವರ ಹಾಗಲ್ಲ, ನಿನಗೆ ಸ್ತೋತ್ರ’ ಅಂದ ಫರಿಸಾಯನೂ, ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು, ಲೂಕನ ಸುವಾರ್ತೆಯಲ್ಲೇ ಇದ್ದಾನೆ, ನೀವು ಹೇಳಿದ ಕುಷ್ಠರೋಗಿಗಳ ಮುಂದಿನ ಅಧ್ಯಾಯದಲ್ಲೇ. ಸಾಕ್ಷಿ ಅಂತ ಮಗನ ಕೆಲಸ, ಹೊಸ ಕಾರು ಹೇಳಿ ಕೂರುವವರನ್ನ ನಾನೂ ನೋಡಿದ್ದೇನೆ.

ವಾಕ್ಯವೇ ಸಾಕು: ನನ್ನ ಸಾಕ್ಷಿ ಡಯಾಲಿಸಿಸ್‌ನದು. ಕಾರಿನದಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಕೇಳಿದವರು: ದಯವಿಟ್ಟು ಜಗಳ ಬೇಡ. ನಿನ್ನೆಯದನ್ನೇ ಮತ್ತೆ ಬರೆಯಬಾರದು ಅನ್ನುವ ನೇಮ ಹಿಡಿಸಿತು. ಅಮ್ಮಾ, 88ನೇ ಕೀರ್ತನೆ ಇವತ್ತೇ ಓದ್ತೀನಿ.