ಮಾವ, ಮಗಳು, ನಾವು ಎಲ್ರೂ ಒಟ್ಟಿಗೆ ಕೂತು ನೋಡೋಕೆ ಏನಿದೆ? ನೀವು ನೋಡಿದ್ದು ಹೇಳಿ

ಕೇಳ್ತಿರೋದು ಚಿಕ್ಕಬಳ್ಳಾಪುರದಿಂದ:
ಮಾವನಿಗೆ ಮಂಡಿ ಆಪರೇಷನ್ ಆಗಿದೆ, ಮನೇಲೇ ಇರ್ತಾರೆ. ಸಂಜೆ ಆದ್ರೆ ಸೀರಿಯಲ್ಲು, ಅದನ್ನ ಬಯ್ಕೊಂಡು ಬಯ್ಕೊಂಡೇ ನೋಡ್ತಾರೆ, ನಾನೂ ಬಯ್ಕೊಂಡೇ ನೋಡ್ತೀನಿ. ಮಗಳು ಎಂಟನೇ ಕ್ಲಾಸು, ಅವಳು ರೂಮಲ್ಲಿ ಫೋನ್ ಹಿಡ್ಕೊಂಡು ಅವಳದ್ದೇ ಏನೋ ನೋಡ್ತಿರ್ತಾಳೆ. ವಾರಕ್ಕೆ ಒಂದೆರಡು ದಿನ ಆದ್ರೂ ಎಲ್ರೂ ಹಾಲ್‌ನಲ್ಲಿ ಕೂತು ಒಂದು ಸಿನಿಮಾನೋ ಸೀರೀಸೋ ನೋಡ್ಬೇಕು ಅಂತ ಆಸೆ. ಮಾವನಿಗೆ ಕನ್ನಡ ತೆಲುಗು ಎರಡೂ ಬರುತ್ತೆ, ಹಿಂದಿ ಅಷ್ಟಕ್ಕಷ್ಟೆ, ಸಬ್‌ಟೈಟಲ್ ಓದೋಕೆ ಆಗಲ್ಲ. ಇದ್ದಕ್ಕಿದ್ದಂಗೆ ರಿಮೋಟ್ ಹುಡುಕೋ ಪರಿಸ್ಥಿತಿ ಬರಬಾರದು. ಟಾಪ್ ಟೆನ್ ಲಿಸ್ಟ್ ಬೇಡ ದಯವಿಟ್ಟು, ಅದು ಎಲ್ಲಾ ಕಡೆ ಸಿಗುತ್ತೆ. ನೀವು ಯಾರ ಜೊತೆ ಕೂತು ನೋಡಿದ್ರಿ, ಎಲ್ಲಿ ಬೋರ್ ಆಯ್ತು ಅದನ್ನ ಹೇಳಿ.

ತುಮಕೂರು:
ಅಕ್ಕಾ, ಮೊದಲು ಸು ಫ್ರಮ್ ಸೋ ಹಾಕಿ. 2025ರ ಜುಲೈನಲ್ಲಿ ಬಂದಿದ್ದು, ಜೆ.ಪಿ. ತುಮಿನಾಡು ಅವರೇ ಡೈರೆಕ್ಟ್ ಮಾಡಿ ಅವರೇ ಅಶೋಕನ ಪಾರ್ಟು ಮಾಡಿದಾರೆ. ಅವನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಿದಾಳೆ ಅಂತ ಊರಿಗೆ ಊರೇ ನಂಬಿ ಕೂರುತ್ತೆ, ಅಷ್ಟೇ ಕಥೆ. ನಾವು ಥಿಯೇಟರಲ್ಲಿ ನೋಡಿದ್ದು, ಪಕ್ಕದ ಸೀಟಿನ ಅಜ್ಜಿ ನಕ್ಕು ನಕ್ಕು ಕಣ್ಣು ಒರೆಸ್ಕೊಂತಿದ್ರು. ಕರಾವಳಿ ಕನ್ನಡ ನಮ್ಮ ಕಡೆಯವರಿಗೆ ಶುರುವಿಗೆ ಸ್ವಲ್ಪ ಸ್ಪೀಡ್ ಅನ್ಸುತ್ತೆ, ಆಮೇಲೆ ಕಿವಿ ಹೊಂದ್ಕೊಳ್ಳುತ್ತೆ. ಕುಡಿಯೋ ಸೀನ್ ಇದಾವೆ, ಅದು ನಿಮ್ಮನೇಲಿ ನಡೆಯುತ್ತಾ ನೋಡ್ಕೊಳ್ಳಿ.

ಶಿರಾ:
ಥಿಯೇಟರಲ್ಲಿ ನಕ್ಕಷ್ಟು ಮನೇಲಿ ನಗು ಬರಲ್ಲ ಗುರು ಅದು. ನಾನು ಒಬ್ನೇ ಫೋನಲ್ಲಿ ನೋಡ್ದೆ, ಚೆನ್ನಾಗೈತೆ ಅನ್ನಿಸ್ತು, ಆದ್ರೆ ಜನ ಹೇಳಿದ ಲೆವೆಲ್ಲಿಗೆ ಇಲ್ಲ ಅಂತಾನೂ ಅನ್ನಿಸ್ತು.

ತುಮಕೂರು:
ಒಬ್ನೇ ಫೋನಲ್ಲಿ ನೋಡಿದ್ರೆ ಯಾವ ಕಾಮಿಡಿ ತಾನೇ ಎದ್ದೇಳುತ್ತೆ ಅಣ್ಣಾ. ಅವರು ಹಾಲ್‌ನಲ್ಲಿ ನಾಲ್ಕು ಜನ ಕೂತು ನೋಡೋಕೆ ತಾನೆ ಕೇಳ್ತಿರೋದು.

ಪಾವಗಡ:
ಶಾಖಾಹಾರಿ ಯಾಕೆ ಯಾರೂ ಹೇಳಿಲ್ಲ? 2024ರದ್ದು. ರಂಗಾಯಣ ರಘು ನಮ್ಮ ಪಾವಗಡ ತಾಲ್ಲೂಕಿನವರು ಅಂತ ಹೇಳ್ತಿಲ್ಲ (ಹೇಳ್ತಾನೂ ಇದೀನಿ ಬಿಡಿ). ಇಷ್ಟು ವರ್ಷ ಕಿರುಚಾಡೋ ಪಾತ್ರಗಳನ್ನೇ ಕೊಟ್ಟು ಕೊಟ್ಟು ಇಟ್ಟಿದ್ರು, ಇಲ್ಲಿ ಮಲೆನಾಡಿನ ಒಂದು ಸಣ್ಣ ಹೋಟೆಲಿನ ಅಡುಗೆ ಸುಬ್ಬಣ್ಣ ಆಗಿ ಮಾತೇ ಕಮ್ಮಿ, ದೋಸೆ ಹುಯ್ಯೋ ಕೈ, ನೋಡೋ ನೋಟ, ಅಷ್ಟರಲ್ಲೇ ಎಲ್ಲಾ ಹೇಳ್ತಾರೆ. ಪೊಲೀಸ್ ಆಗಿ ಗೋಪಾಲಕೃಷ್ಣ ದೇಶಪಾಂಡೆ, ಅವರೂ ಅಷ್ಟೇ ಚೆನ್ನಾಗಿ ಮಾಡಿದಾರೆ. ಆದ್ರೆ ಕೊಲೆ ಇದೆ, ಆಮೇಲೆ ಹೆಣದ ವಿಚಾರ ಇದೆ, ಆದ್ದರಿಂದ ಮಗಳನ್ನ ಬಿಟ್ಟು ನೀವು ದೊಡ್ಡವರು ನೋಡಿ. ಊಟ ಮಾಡ್ತಾ ನೋಡ್ಬೇಡಿ, ಯಾಕೆ ಅಂತ ಹೇಳಲ್ಲ.

ಶಿಡ್ಲಘಟ್ಟದ ಹತ್ರ ಒಂದು ಹಳ್ಳಿ:
ನಂದು ಬೇರೆ ಥರ ಅನುಭವ. ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದಮೇಲೆ ಹೊತ್ತುಹೊತ್ತಿಗೆ ಸೊಪ್ಪು ಹಾಕ್ತಾನೇ ಇರ್ಬೇಕು, ರಾತ್ರಿ ಕೂಡ ಎದ್ದೇಳ್ಬೇಕು, ಆವಾಗ ಫೋನ್ ಗೋಡೆಗೆ ಒರಗಿಸಿಟ್ಟು ಏನಾದ್ರೂ ಹಾಕ್ಕೊಂತೀನಿ. ಅರ್ಧ ಕಿವೀಲೇ ನೋಡೋದು. ಹಂಗೆ ನೋಡೋಕೆ ಪಂಚಾಯತ್ ಬಿಟ್ರೆ ಇನ್ನೊಂದಿಲ್ಲ, ಹಿಂದೀದು, ನಾಲ್ಕು ಸೀಸನ್ ಬಂದಿದೆ, ಮೊದಲನೇದು 2020, ನಾಲ್ಕನೇದು 2025. ಇಂಜಿನಿಯರಿಂಗ್ ಓದಿದ ಹುಡುಗ ಬೇರೆ ಕೆಲಸ ಸಿಗದೆ ಫುಲೇರಾ ಅನ್ನೋ ಹಳ್ಳಿಗೆ ಪಂಚಾಯ್ತಿ ಕಾರ್ಯದರ್ಶಿಯಾಗಿ ಬರ್ತಾನೆ. ಗೆದ್ದಿರೋ ಪ್ರಧಾನ್, ಅಂದ್ರೆ ಪಂಚಾಯ್ತಿ ಅಧ್ಯಕ್ಷೆ, ಹೆಂಗಸು, ಕುರ್ಚೀಲಿ ಕೂರೋದು ಗಂಡ. ಇದನ್ನ ನಮ್ಮ ಕಡೆಯವರಿಗೆ ಬಿಡಿಸಿ ಹೇಳ್ಬೇಕಾ, ಮೆಂಬರ್ ಅಕ್ಕನಿಗೆ ಫೋನ್ ಮಾಡಿದ್ರೆ ಎತ್ತೋದೇ ಅಣ್ಣ. ನಮ್ಮನೆಯವ್ರು ಒಂದು ದಿನ ಹುಳದ ಮನೆಗೆ ಬಂದು ನಿಂತ್ಕೊಂಡು ನೋಡ್ತಾ ನೋಡ್ತಾ ಸೊಪ್ಪಿನ ಪುಟ್ಟಿ ಹಿಡ್ಕೊಂಡೇ ಒಂದು ಎಪಿಸೋಡ್ ಮುಗಿಸಿದ್ರು. ಮೂರು ನಾಲ್ಕನೇ ಸೀಸನ್ನಲ್ಲಿ ಎಲೆಕ್ಷನ್ ರಾಜಕೀಯ ಜಾಸ್ತಿ ಆಗಿ ಮೊದಲಿನ ತಣ್ಣಗಿನ ತಮಾಷೆ ಕಮ್ಮಿ ಆಯ್ತು ಅನ್ನೋದು ನನ್ನ ಅಭಿಪ್ರಾಯ. ನಿಮ್ಮ ಮಾವನಿಗೆ ಹಿಂದಿ ಕಷ್ಟ ಅಂದ್ರಲ್ಲ, ನೀವು ಪಕ್ಕದಲ್ಲಿ ಕೂತು ಹೇಳ್ತಾ ಹೋದ್ರೆ ಆಗುತ್ತೆ, ಕಥೆ ಏನು ಓಡೋದಿಲ್ಲ.

ಮುಳಬಾಗಿಲು:
ಮೇಡಂ, ತೆಲುಗು ಬರುತ್ತೆ ಅಂದ್ಮೇಲೆ ಇಷ್ಟೊಂದು ಯಾಕೆ ಹುಡುಕ್ತೀರ. ಬಲಗಂ ಹಾಕಿ, 2023ರದ್ದು, ವೇಣು ಎಲ್ದಂಡಿ ಡೈರೆಕ್ಷನ್. ತೆಲಂಗಾಣದ ಒಂದು ಹಳ್ಳಿ, ತಾತ ಸಾಯ್ತಾರೆ, ಇಟ್ಟ ಪಿಂಡಾನ ಕಾಗೆ ಮುಟ್ಟಲ್ಲ, ತಾತನಿಗೆ ಏನೋ ಆಸೆ ಉಳಿದಿದೆ ಅಂತ ಊರವರೆಲ್ಲ ಅಂತಾರೆ, ಇತ್ತ ಮಕ್ಕಳು ಅಳಿಯಂದಿರು ಹಳೇ ಜಗಳ ತೆಗೆದು ಕೂರ್ತಾರೆ. ನಮ್ಮನೇಲಿ ಅಮ್ಮ ದೊಡ್ಡಮ್ಮ ಎಲ್ಲಾ ಒಟ್ಟಿಗೆ ನೋಡಿದ್ದು, ಅರ್ಧಕ್ಕೇ ಸಿನಿಮಾ ನಿಲ್ಸಿ ನಮ್ಮ ತಾತನ ಕರ್ಮದ ದಿನ ಯಾರು ಯಾರ ಜೊತೆ ಮಾತಾಡ್ಲಿಲ್ಲ ಅನ್ನೋ ಪಂಚಾಯ್ತಿ ಶುರು ಆಗಿ, ಅದು ಸಿನಿಮಾಗಿಂತ ಉದ್ದ ಆಯ್ತು. ಅಲ್ಲಿನ ತೆಲುಗು ನಮ್ಮ ಕಡೆ ತೆಲುಗಿಗಿಂತ ಬೇರೆ, ಆದ್ರೂ ಅರ್ಥ ಆಗದೇ ಇರೋ ಅಷ್ಟಿಲ್ಲ. ರಿಮೋಟ್ ಹುಡುಕೋ ಸೀನ್ ನಂಗಂತೂ ನೆನಪಿಲ್ಲ.

ಶಿರಾ:
ಸಾವಿನ ಮನೆ ಕಥೆ ಅಂದ್ರೆ ನಮ್ಮ ತಿಥಿ ಇಲ್ವಾ? ಮಂಡ್ಯ ಕಡೆ ಹಳ್ಳಿ ಜನಾನೇ ಹಾಕ್ಕೊಂಡು ತೆಗೆದಿದ್ದು, ಲೊಕಾರ್ನೋದಲ್ಲಿ 2015ರಲ್ಲಿ ಪ್ರಶಸ್ತಿ ಬಂತು.

ಮುಳಬಾಗಿಲು:
ಅಣ್ಣಾ ತಿಥಿ ನಂಗೂ ಇಷ್ಟಾನೇ, ಬಲಗಂಗಿಂತ ಒಂದು ಕೈ ಮೇಲೇ ಅದು, ಅಳಿಸೋಕೆ ಹೋಗೋದೇ ಇಲ್ಲ. ಆದ್ರೆ ಸೆಂಚುರಿ ಗೌಡ ಬಾಯಿ ಬಿಟ್ರೆ ಬರೋ ಮಾತು ಮಾವ ಸೊಸೆ ಮೊಮ್ಮಗಳು ಒಟ್ಟಿಗೆ ಕೂತು ಕೇಳೋಕಾಗುತ್ತಾ ಹೇಳಿ.

ಶಿರಾ:
ಅದೂ ನಿಜ 😄

ತುಮಕೂರು, ಹೈಸ್ಕೂಲ್ ಮೇಡಂ:
ಎಂಟನೇ ಕ್ಲಾಸು ಅಂದಿದ್ದಕ್ಕೆ ಬರೀತಿದೀನಿ. ಅಡೋಲೆಸೆನ್ಸ್ ಅಂತ ನಾಲ್ಕೇ ಎಪಿಸೋಡಿನ ಇಂಗ್ಲಿಷ್ ಸೀರೀಸ್, 2025ರ ಮಾರ್ಚಲ್ಲಿ ಬಂದಿದ್ದು. 13 ವರ್ಷದ ಹುಡುಗನ್ನ ಬೆಳಿಗ್ಗೆ ಮನೆಗೆ ನುಗ್ಗಿ ಪೊಲೀಸರು ಹಿಡ್ಕೊಂಡು ಹೋಗ್ತಾರೆ, ಕ್ಲಾಸಿನ ಹುಡುಗೀನ ಕೊಂದ ಅಂತ. ಒಂದೊಂದು ಎಪಿಸೋಡೂ ಕಟ್ ಇಲ್ಲದೆ ಒಂದೇ ಶಾಟ್‌ನಲ್ಲಿ ತೆಗೆದಿದಾರೆ ಅಂತ ಎಲ್ರೂ ಅದನ್ನೇ ಹೊಗಳ್ತಾರೆ, ನಂಗೆ ಅದಕ್ಕಿಂತ ಕೊನೇ ಎಪಿಸೋಡಲ್ಲಿ ಅಪ್ಪ ಅಮ್ಮ ರೂಮಲ್ಲಿ ಕೂತು, ಅವನು ರೂಮಲ್ಲೇ ಇದ್ದ, ಮನೇಲೇ ಇದ್ದಾನೆ ಸೇಫಾಗಿದ್ದಾನೆ ಅನ್ಕೊಂಡಿದ್ವಿ ಅಂತ ಮಾತಾಡೋದು ತಡ್ಕೊಳಕ್ಕಾಗ್ಲಿಲ್ಲ. ಇದು ಹಾಲ್‌ಗೆ ಬೇಡ, ಮಾವನಿಗಂತೂ ಬೇಡವೇ ಬೇಡ. ಮಗಳು ರೂಮಲ್ಲಿ ಫೋನ್ ಹಿಡ್ಕೊಂಡಿರ್ತಾಳೆ ಅಂದ್ರಲ್ಲ, ನೀವು ಯಜಮಾನ್ರು ಇಬ್ರೇ ಕೂತು ನೋಡಿ.
ಮಗಳ ಜೊತೆ ನೋಡೋಕೆ ಡೇರ್‌ಡೆವಿಲ್ ಮುಸ್ತಫಾ. ತೇಜಸ್ವಿ ಕಥೆ, ಅವರ ಓದುಗರೇ ದುಡ್ಡು ಹಾಕಿ 2023ರಲ್ಲಿ ಮಾಡಿದ್ದು. ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಸೇರ್ಕೊಂತಾನೆ, ಆಮೇಲಿಂದು ಕ್ರಿಕೆಟ್ಟು, ಗಲಾಟೆ. ಸಿನಿಮಾ ಸ್ವಲ್ಪ ಉದ್ದ ಆಯ್ತು ಅನ್ಸುತ್ತೆ, ಆದ್ರೆ ನನ್ನ ಒಂಬತ್ತನೇ ಕ್ಲಾಸಿನ ಹುಡುಗರು ಇದನ್ನ ನೋಡಿದ್ಮೇಲೆ ಲೈಬ್ರರೀಲಿ ತೇಜಸ್ವಿ ಪುಸ್ತಕ ಕೇಳಿದ್ರು, ಅದು ಸಾಕು ನಂಗೆ.
ಇನ್ನೊಂದು, ಓಟಿಟಿಲಿ ಸಿನಿಮಾ ಶುರು ಆಗೋವಾಗ ಮೂಲೇಲಿ ಯು/ಎ 13+, 16+, ಎ ಅಂತ ಬರುತ್ತೆ, ಜೊತೆಗೆ ಹಿಂಸೆ, ಬೈಗುಳ ಅಂತ ಕಾರಣಾನೂ ಇರುತ್ತೆ. 2021ರ ಐಟಿ ರೂಲ್ಸ್ ಬಂದ್ಮೇಲೆ ಹಾಕ್ಲೇಬೇಕು. ಅದನ್ನ ಯಾರೂ ಓದಲ್ಲ, ಓದಿದ್ರೆ ರಿಮೋಟ್ ಹುಡುಕೋದು ಅರ್ಧ ತಪ್ಪುತ್ತೆ.

ರಾಬರ್ಟ್‌ಸನ್‌ಪೇಟೆ:
ಮಗಳು ಕೆಜಿಎಫ್ ಹಾಕು ಅಂತ ಹೇಳೇ ಹೇಳ್ತಾಳೆ, ಹಾಕಿ, ಬೇಡ ಅನ್ನಲ್ಲ. ಯಶ್ ಎಂಟ್ರಿಗೆ ನಾವೂ ಶಿಳ್ಳೆ ಹೊಡ್ದಿದೀವಿ, ಶೂಟಿಂಗೂ ನಮ್ಮ ಸೈನೈಡ್ ದಿಬ್ಬದ ಮೇಲೇ ನಡೆದಿದ್ದು. ಆದ್ರೆ ನೆಂಟರು ಯಾರು ಬಂದ್ರೂ ಅದೆಲ್ಲ ನಿಜಾನಾ ಅಂತ ಕೇಳಿ ಕೇಳಿ ತಲೆ ಕೆಟ್ಟೋಗಿದೆ. ಸಿನಿಮಾದಲ್ಲಿ ಬರೋ ನರಾಚಿ ಗಣಿ ಅನ್ನೋದು ಕಟ್ಟುಕಥೆ. ಇಲ್ಲಿ ಕೆಜಿಎಫ್‌ನಲ್ಲಿ ಚಿನ್ನದ ಗಣಿ ನಡೆಸಿದ್ದು ಜಾನ್ ಟೇಲರ್ ಕಂಪನಿ, ಆಮೇಲೆ ಸರ್ಕಾರ. ಶಿವನಸಮುದ್ರದಿಂದ ಕರೆಂಟು ಇಲ್ಲಿಗೆ 1902ರಲ್ಲೇ ಬಂದಿತ್ತು, ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮುಚ್ಚಿದ್ಮೇಲೆ ಬೆಳಿಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋ ಜನರ ಕಥೆ ಯಾರೂ ದೊಡ್ಡದಾಗಿ ತೆಗೆದಿಲ್ಲ, ತೆಗೆದ್ರೆ ಅದನ್ನ ನಾನೇ ಎಲ್ರಿಗೂ ರೆಕಮೆಂಡ್ ಮಾಡ್ತೀನಿ.

ಗೌರಿಬಿದನೂರು:
ಮಾವ ಸೀರಿಯಲ್ ಬಯ್ತಾರೆ ಅಂದ್ರೆ ಒಳ್ಳೇ ಸೀರಿಯಲ್ ನೋಡಿದ ಕಾಲದವರೇ ಇರ್ಬೇಕು. ಮಾಯಾಮೃಗ ನೆನಪಿದೆಯಾ ಕೇಳಿ ನೋಡಿ, 1998ರಲ್ಲಿ ದೂರದರ್ಶನದಲ್ಲಿ ಬರ್ತಿತ್ತು. ಟಿ.ಎನ್. ಸೀತಾರಾಂ ನಮ್ಮ ತಾಲ್ಲೂಕಿನವರು, ಜೊತೇಲಿ ಡೈರೆಕ್ಟ್ ಮಾಡಿದ ಪಿ. ಶೇಷಾದ್ರಿ ತುಮಕೂರು ಜಿಲ್ಲೆಯವರು, ಇನ್ನೊಬ್ರು ನಾಗೇಂದ್ರ ಶಾ. ಹಾಡು ಬಂದ್ರೆ ಸಾಕು ಎದುರು ಮನೆಯವರೂ ನಮ್ಮನೆ ಟಿವಿ ಮುಂದೆ ಬಂದು ಕೂರ್ತಿದ್ರು. ಯೂಟ್ಯೂಬಲ್ಲಿ ಈಗ ಮತ್ತೆ ನೋಡೋಕೆ ಶುರು ಮಾಡಿದೀನಿ, ನಿಧಾನ ಇದೆ, ಮಗಳಿಗೆ ಹಿಡಿಸಲ್ಲ, ಮಾವನಿಗೆ ಮಧ್ಯಾಹ್ನದ ಹೊತ್ತಿಗೆ ಹಾಕ್ಕೊಡಿ.

ಚಿಕ್ಕಬಳ್ಳಾಪುರ:
ಎಲ್ರಿಗೂ ಥ್ಯಾಂಕ್ಸ್. ಭಾನುವಾರ ಬಲಗಂ ಹಾಕಿದ್ವಿ. ಮಾವ ಕಾಗೆ ಬರದೇ ಇರೋ ಸೀನಿಗೆ ನಿಲ್ಸು ನಿಲ್ಸು ಅಂದು ಅವರ ಸೋದರಮಾವನ ತಿಥಿ ಕಥೆ ಹೇಳೋಕೆ ಶುರು ಮಾಡಿದ್ರು, ನಮ್ಮನೆಯವ್ರಿಗೇ ಗೊತ್ತಿರ್ಲಿಲ್ಲ ಅದು. ಮಗಳು ಮೊದಲು ಫೋನ್ ನೋಡ್ತಾನೇ ಇದ್ಲು, ಆಮೇಲೆ ತೆಲುಗು ಅರ್ಥ ಆಗಲ್ಲ ಅಂತ ತಾತನ ಪಕ್ಕ ಹೋಗಿ ಕೂತು ಅವರ ಹತ್ರ ಅರ್ಥ ಕೇಳ್ಕೊಂಡು ಕೇಳ್ಕೊಂಡು ನೋಡಿದ್ಲು. ನಂಗೆ ಮಧ್ಯದಲ್ಲಿ ಹಾಡು ಸ್ವಲ್ಪ ಜಾಸ್ತಿ ಅನ್ನಿಸ್ತು. ಮುಂದಿನ ವಾರ ಸು ಫ್ರಮ್ ಸೋ ಅಂತ ಡಿಸೈಡ್ ಆಗಿದೆ, ಶಾಖಾಹಾರಿ ನಾನು ಯಜಮಾನ್ರು ಮಗಳು ಮಲಗಿದ್ಮೇಲೆ ನೋಡ್ತೀವಿ. ಪಾವಗಡದ ಅಣ್ಣಾ, ಊಟ ಮಾಡ್ತಾ ನೋಡ್ಬೇಡಿ ಅಂದ್ರಲ್ಲ, ಕಾಫಿ ಕುಡಿಬಹುದಾ?

ಪಾವಗಡ:
ಕಾಫಿ ಓಕೆ. ತಿಂಡಿ ಬೇಡ.