ಟ್ರೋಪೋನಿನ್ ಜಾಸ್ತಿ ಬಂದಿದೆ, ಕ್ಯಾಲ್ಸಿಯಂ ಮಾತ್ರೆ ಬಿಡಬೇಕಾ?

ದಾವಣಗೆರೆ ಮಗಳು:
ಮೊನ್ನೆ ರಾತ್ರಿ ಅಪ್ಪನಿಗೆ ಎದೆ ಹಿಡಿದಂತಾಗಿ ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಟ್ರೋಪೋನಿನ್ ಐ ಅನ್ನೋ ಹೃದಯ ಸ್ನಾಯುವಿನ ಪ್ರೋಟೀನ್ ಜಾಸ್ತಿ ಇದೆ ಅಂದರು, ಸ್ಟೆಂಟ್ ಹಾಕಿದ್ದಾರೆ, ಈಗ ಹುಷಾರಾಗಿದ್ದಾರೆ. ವಾರ್ಡಿನ ಹೊರಗೆ ಕೂತು ಮೊಬೈಲಲ್ಲಿ ಓದುವಾಗ, ಟ್ರೋಪೋನಿನ್‌ಗೆ ಕ್ಯಾಲ್ಸಿಯಂ ಅಂಟಿದರೇನೇ ಹೃದಯ ಹಿಂಡೋದು ಅಂತ ಸಿಕ್ಕಿತು. ಅಮ್ಮ ಮೂಳೆ ಸವೆತಕ್ಕೆ ಕ್ಯಾಲ್ಸಿಯಂ ತಗೋತಾರೆ. ನಾನು ಇದನ್ನ ಓದಿ ಹೇಳಿದ್ದೇ ತಪ್ಪಾಯ್ತು, ಹೆದರಿ ಬಿಟ್ಟುಬಿಟ್ಟಿದ್ದಾರೆ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಫಿಸಿಯಾಲಜಿ ಮೇಷ್ಟ್ರು:
ತಂಗೀ, ಮಾತ್ರೆ ಬರೆದುಕೊಟ್ಟ ಡಾಕ್ಟರನ್ನ ಕೇಳದೆ ನಿಲ್ಲಿಸೋದು ಬೇಡ.

ನಾನು ವರ್ಷಗಟ್ಟಲೆ ಕಪ್ಪೆ ಹೃದಯದ ಪ್ರಾಕ್ಟಿಕಲ್ ಮಾಡಿಸಿದವನು. ಪುಟ್ಟ ಗುಂಡಿಗೆಗೆ ದಾರ ಕಟ್ಟಿ ಕಡ್ಡಿಗೆ ಸಿಕ್ಕಿಸಿದರೆ, ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಬಿಳಿ ಗೀಟು ಏರಿಳಿಯುತ್ತೆ. ಕ್ಯಾಲ್ಸಿಯಂ ಇಲ್ಲದ ದ್ರಾವಣ ಬಿಟ್ಟರೆ ಗೀಟು ಕುಗ್ಗುತ್ತಾ ಕುಗ್ಗುತ್ತಾ ನಿಂತೇ ಹೋಗುತ್ತೆ. ಅತಿಯಾದರೆ ಹೃದಯ ಮುದುಡಿಕೊಂಡೇ ನಿಲ್ಲುತ್ತೆ. ಲಂಡನ್ನಿನ ಸಿಡ್ನಿ ರಿಂಗರ್ 1883ರಲ್ಲಿ ಇದನ್ನೇ ಬರೆದರು. ಮೊದಲು ಅವರ ದ್ರಾವಣಕ್ಕೆ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಿದ್ದಿತ್ತು. ಹೃದಯವನ್ನ ಬಡಿಸಿದ್ದು ಆ ನೀರಿನ ಕ್ಯಾಲ್ಸಿಯಂ!

ಟ್ರೋಪೋನಿನ್‌ನಲ್ಲಿ ಮೂರು ತುಂಡು. ಸಿ ಕ್ಯಾಲ್ಸಿಯಂ ಹಿಡಿಯುತ್ತೆ, ಐ ಹಿಂಡದಂತೆ ತಡೆಯುತ್ತೆ, ಟಿ ಇವನ್ನ ಸ್ನಾಯುವಿನ ಎಳೆಗೆ ಕಟ್ಟಿಡುತ್ತೆ. ಸಿ ಕೈಗೆ ಕ್ಯಾಲ್ಸಿಯಂ ಸಿಕ್ಕಿದ ಕೂಡಲೇ ಐ ಹಿಡಿತ ಸಡಿಲಿಸುತ್ತೆ, ಸ್ನಾಯು ಹಿಂಡುತ್ತೆ. ಪ್ರತಿ ಬಡಿತಕ್ಕೂ ಕೋಶದೊಳಗಿನ ಕ್ಯಾಲ್ಸಿಯಂ ಸುಮಾರು 10 ಪಟ್ಟು ಏರಿ ಇಳಿಯುತ್ತೆ. ಏರಿದಾಗಲೂ ಅದು ರಕ್ತದಲ್ಲಿ ಬಿಡಿಯಾಗಿ ಓಡಾಡೋ ಕ್ಯಾಲ್ಸಿಯಂನ ಸಾವಿರದಲ್ಲೊಂದು ಪಾಲಿನಷ್ಟೇ. ಕ್ಯಾಲ್ಸಿಯಂ ಬರೋ ಬಾಗಿಲನ್ನ ತೆರೆದು ಮುಚ್ಚೋದು ಕೋಶವೇ, ಅಮ್ಮನ ಮಾತ್ರೆಯಲ್ಲ.

ಅಪ್ಪನ ರಿಪೋರ್ಟಿನ ವಿಷಯ ಬೇರೆ. ರಕ್ತ ಸಿಗದೆ ಕೋಶ ಸತ್ತು ಒಡೆದಾಗ ಐ, ಟಿ ಹೊರಗೆ ಸೋರುತ್ತವೆ. ಹೃದಯದ ಐ ಕೈಕಾಲಿನ ಸ್ನಾಯುವಿನದ್ದಕ್ಕಿಂತ ಬೇರೆ, ಅದಕ್ಕೇ ಅದನ್ನ ಅಳೀತಾರೆ. ಸಿ ಕೈಕಾಲಿನ ಕೆಲವು ಸ್ನಾಯುಗಳಲ್ಲೂ ಅದೇ ಇರುತ್ತೆ, ಹಾಗಾಗಿ ಟೆಸ್ಟಿಗೆ ಆಗಲ್ಲ.

ಐಸಿಯು ಸಿಸ್ಟರ್:
ಮೇಷ್ಟ್ರು ಹೇಳಿದ್ದು ಸರಿ. ಟ್ರೋಪೋನಿನ್ ಇಳಿಯೋಕೆ ಒಂದು ವಾರವೋ ಇನ್ನೂ ಜಾಸ್ತಿಯೋ ಹಿಡಿಯುತ್ತೆ ಕಣಮ್ಮ. ನಾಳೆ ರಿಪೋರ್ಟಲ್ಲಿ ಇನ್ನೂ ಜಾಸ್ತಿ ಅಂತಿದ್ರೆ ಗಾಬರಿ ಆಗ್ಬೇಡಿ. ಆದ್ರೆ ಎದೆ ನೋವು ತಿರುಗಿ ಬಂದ್ರೆ ತಕ್ಷಣ ಅಲ್ಲಿನ ಸಿಸ್ಟರನ್ನ ಕರೀರಿ.

ದಾವಣಗೆರೆ ಮಗಳು:
ಸರ್, ಹಿಂಡೋದು ಅರ್ಥ ಆಯ್ತು. ಸಡಿಲ ಆಗೋದು ಹೇಗೆ?

ಫಿಸಿಯಾಲಜಿ ಮೇಷ್ಟ್ರು:
ಒಳ್ಳೇ ಪ್ರಶ್ನೆ, ನನ್ನ ಕ್ಲಾಸಿನ ಮಕ್ಕಳು ಇದನ್ನ ಕೇಳ್ತಾನೇ ಇರಲಿಲ್ಲ. ಸರ್ಕಾ ಅನ್ನೋ ಪಂಪು ಕ್ಯಾಲ್ಸಿಯಂನ ಬಹುಪಾಲನ್ನ ಕೋಶದೊಳಗಿನ ಚೀಲಕ್ಕೆ ಎತ್ತಿಹಾಕುತ್ತೆ. ಚೀಲದೊಳಗೆ ಅದನ್ನ ಹಿಡಿದಿಡೋದು ಕ್ಯಾಲ್ಸೀಕ್ವೆಸ್ಟ್ರಿನ್ ಅನ್ನೋ ಪ್ರೋಟೀನ್. ಮೆಟ್ಟಿಲು ಹತ್ತುವಾಗ ಅಡ್ರಿನಲಿನ್ ಬಂದು ಪಂಪಿನ ಲಗಾಮು ಸಡಿಲಿಸುತ್ತೆ, ಆಗ ಹೃದಯ ಬೇಗ ಹಿಂಡೋದಷ್ಟೇ ಅಲ್ಲ, ಬೇಗ ಬಿಚ್ಚಿಕೊಳ್ಳುತ್ತೆ ಕೂಡ. ಬಿಚ್ಚಿಕೊಂಡರೆ ತಾನೇ ರಕ್ತ ತುಂಬೋದು.

ದಾವಣಗೆರೆ ಮಗಳು:
ಅಮ್ಮನಿಗೆ ಓದಿ ಹೇಳಿದೆ. ಡಾಕ್ಟರಿಗೂ ಫೋನ್ ಮಾಡಿದ್ವಿ, ಮುಂದುವರಿಸಿ ಅಂದ್ರು.