ಚಂದ್ರಯಾನದ 'ಯಾನ' ಪ್ರಯಾಣವೋ ವಾಹನವೋ?

ಆರನೇ ಕ್ಲಾಸಿನ ಮಗಳು ಮೊನ್ನೆ ಕನ್ನಡ ಪ್ರಬಂಧ ಬರೀತಾ ಕೂತಿದ್ದೋಳು ತಟ್ಟನೆ ತಲೆ ಎತ್ತಿ, "ಅಪ್ಪಾ, ಯಾನ ಅಂದ್ರೆ ಪ್ರಯಾಣ ಅಲ್ವಾ, ಮತ್ತೆ ಚಂದ್ರಯಾನ ಚಂದ್ರನ ಮೇಲೆ ಇಳೀತು ಅಂತ ಹೆಂಗೆ ಬರೀಲಿ, ಪ್ರಯಾಣ ಎಲ್ಲಾದ್ರೂ ಇಳಿಯತ್ತಾ?" ಅಂದ್ಳು. ಏನೋ ಹೇಳಿ ಸಾಗಹಾಕಿದೆ, ಆದ್ರೆ ಆವತ್ತಿಂದ ತಲೇಲಿ ಅದೇ ಕೊರೀತಿದೆ.

ನಮ್ಮಲ್ಲಿ ವಿಮಾನಯಾನ, ನೌಕಾಯಾನ, ಗಗನಯಾನಿ ಎಲ್ಲಾ ಕಡೆ ಯಾನ ಅಂದ್ರೆ ಹೋಗೋದು, ಹೋಗೋ ಗಾಡಿ ಅಲ್ಲ. ಹಿಂದಿಯವರಿಗೆ ಜಲಯಾನ ಅಂದ್ರೆ ಹಡಗು, ವಾಯುಯಾನ ಅಂದ್ರೆ ವಿಮಾನ, ಹಾಗಾಗಿ ಚಂದ್ರಯಾನವೂ ಅವರ ಕಿವಿಗೆ ವಾಹನ ಅಂತ್ಲೇ ಬೀಳುತ್ತೆ. ಸಂಸ್ಕೃತದಲ್ಲಿ ಎರಡೂ ಅರ್ಥ ಇದೆ, ಬೌದ್ಧರ ಮಹಾಯಾನ ಅಂದ್ರೆ ದೊಡ್ಡ ವಾಹನ ಅಂತ ನಾವೂ ಸ್ಕೂಲಲ್ಲಿ ಓದಿದೋರೇ. ನಮ್ಮ ಪೇಪರಿನವರು ಬಾಲಕ್ಕೆ ಇನ್ನೊಂದು ಪದ ಸೇರಿಸಿ 'ಚಂದ್ರಯಾನ-3 ನೌಕೆ' ಅಂತಾರೆ, ಹಿಂದಿಯವರು ಕೇಳಿದ್ರೆ ನಡುಮಧ್ಯ ಅಂದಹಾಗಿರುತ್ತೆ, ನಮಗೆ ಸರಿಯಾಗೇ ಇದೆ.

ತೊಂದ್ರೆ ಏನಪ್ಪಾ ಅಂದ್ರೆ ಈ ನೌಕೆ ಸಿಕ್ಕಿದ್ದಕ್ಕೆಲ್ಲ ಅಂಟ್ಕೊಳ್ಳುತ್ತೆ. 2023ರ ಜುಲೈ 14ಕ್ಕೆ ಚಂದ್ರಯಾನ-3ನ್ನ ಹೊತ್ಕೊಂಡು ಶ್ರೀಹರಿಕೋಟಾದಿಂದ ಎದ್ದ ಎಲ್‌ವಿಎಂ3 ರಾಕೆಟ್ ಹದಿನಾರು ನಿಮಿಷದಲ್ಲಿ ಹೊರೆ ಇಳಿಸಿ ಕೈ ತೊಳ್ಕೊಂಡ್ತು, ಅಂಥದ್ದನ್ನೂ 'ಉಡಾವಣಾ ನೌಕೆ' ಅಂತ ಬರೀತಾರೆ. ಆಗಸ್ಟ್ 23ರ ಸಂಜೆ ಇಳಿದಿದ್ದು ವಿಕ್ರಮ್ ಲ್ಯಾಂಡರ್ ಮಾತ್ರ, ಅದನ್ನ ಚಂದ್ರನ ತನಕ ಹೊತ್ಕೊಂಡು ಹೋದ ಪ್ರೊಪಲ್ಷನ್ ಮಾಡ್ಯೂಲ್ ಕಕ್ಷೇಲೇ ಉಳೀತು. ಇದ್ರಲ್ಲಿ ನೌಕೆ ಯಾವ್ದು ಹೇಳಿ? ನನ್ನ ಕೇಳಿದ್ರೆ ರಾಕೆಟ್ಟನ್ನ ರಾಕೆಟ್ ಅಂದುಬಿಡೋದೇ ವಾಸಿ.

ಅಮೆರಿಕದ ಸ್ಪೇಸ್ ಷಟಲ್ಲಿಗೂ ಹೀಗೇ ಆಯ್ತು. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾವನ್ನೂ ನಾವು ಗಗನನೌಕೆ ಅಂದ್ವಿ. ಷಟಲ್ ಅಂದ್ರೆ ಮಗ್ಗದ ಲಾಳಿ, ಆ ಕಡೆಯಿಂದ ಈ ಕಡೆಗೆ ಈ ಕಡೆಯಿಂದ ಆ ಕಡೆಗೆ ಓಡಾಡೋದು, ನೌಕೆ ಅಂದ ಕೂಡ್ಲೇ ಆ ಹೋಗಿಬರೋ ಅರ್ಥ ಪೂರ್ತಿ ಮಾಯ. ಗಗನಲಾಳಿ ಅನ್ನಬಹುದಿತ್ತು, ಯಾರೂ ಅನ್ನಲಿಲ್ಲ ಬಿಡಿ.

ಈಗ ಇಸ್ರೋ ಜನರನ್ನ ಬಾಹ್ಯಾಕಾಶಕ್ಕೆ ಕಳಿಸೋ ಗಗನಯಾನ ಯೋಜನೆಯ ಕ್ರೂ ಮಾಡ್ಯೂಲ್ ಬಗ್ಗೆ ಬರೆಯೋವಾಗ ನೀವು ಯಾವ ಪದ ಹಾಕ್ತೀರಿ? ಜನ ಕೂರೋದು ಅದರಲ್ಲಿ, ವಾಪಸ್ ಬರ್ತಾ ಪ್ಯಾರಾಚೂಟ್ ಬಿಚ್ಕೊಂಡು ಸಮುದ್ರಕ್ಕೆ ಬಿದ್ದು ತೇಲೋದೂ ಅದೇ, ಹಾಗೆ ನೋಡಿದ್ರೆ ಇಷ್ಟರಲ್ಲಿ ನೌಕೆ ಅನ್ನೋ ಹೆಸರಿಗೆ ಲಾಯಕ್ಕಾಗಿರೋದು ಅದೊಂದೇ. ಮಗಳಿಗೆ ಚಿತ್ರ ತೋರಿಸಿದೆ, ಅವಳು 'ಗೂಡು' ಅಂದ್ಳು.